ಪ್ರತಿ ಸಲ ಲೆಕ್ಕ ತಪ್ಪುವ ಹೆಚ್ಚಕ್ಕ

ಬೆಳಗಿನ ಐದೂವರೆ. ಸಾಲುಮನೆಗಳ ಹಿಂದಿನ ಬಯಲಿನಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕುಳಿತು ನೆಲದ ಅಳತೆ ತೆಗೆಯುತ್ತಿದ್ದಾರೆ. ಕೊರಳಲ್ಲಿ ದರ್ಜಿಗಳ ಹಳದಿ ಟೇಪು. ಮಂಡಿಯ ಕೆಳಗೆ ಹಳೆಯ ಜೀನ್ಸ್ ಬಟ್ಟೆಯಿಂದ ತಾವೇ ಹೊಲಿದುಕೊಂಡ ದಿಂಬು. ಟೇಪಿನ ತುದಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯ ಕಡ್ಡಿಯಿಂದ ಮಣ್ಣಿಗೊಂದು ತೂತು, ತೂತಿಗೊಂದು ಬೀಜ. ಮೂರು ಅಂಗುಲ, ಬೀಜ. ಮೂರು ಅಂಗುಲ, ಬೀಜ. ಸಾಲು ಮುಗಿಯುವ ತನಕ ಮಾತಿಲ್ಲ.

ಸುಮ್ಮನೆ ನಿಂತಿರಲಾಗದೆ ನಾನೂ ಕೈ ಹಾಕುತ್ತೇನೆ. ಟೇಪು ಅವರ ಹತ್ತಿರ ಇರುವುದರಿಂದ ಕಣ್ಣಂದಾಜಿನಲ್ಲಿ ಒಂದು ಬೀಜ ಊರುತ್ತೇನೆ. ಅವರು ತಲೆ ಎತ್ತುವುದೂ ಇಲ್ಲ. "ಅದು ಮೂರೂಕಾಲು. ತೆಗೀರಿ," ಅನ್ನುತ್ತಾರೆ. ಛಲಕ್ಕೆ ಬಿದ್ದು ಟೇಪು ಇಸಿದುಕೊಂಡು ಅಳೆದರೆ ಸರಿಯಾಗಿ ಮೂರೂಕಾಲು. ಬೀಜ ತೆಗೆದು ಕೈ ಕಟ್ಟಿಕೊಂಡು ನಿಲ್ಲುತ್ತೇನೆ.

ಆರೂಕಾಲರ ಹೊತ್ತಿಗೆ ನಲ್ಲಿಕಟ್ಟೆಯ ಹತ್ತಿರ ಬಿಂದಿಗೆಗಳ ಸದ್ದು ಶುರುವಾಗುತ್ತದೆ. ಕಾಲು ಅಂಗುಲದ ತಪ್ಪನ್ನೂ ಕ್ಷಮಿಸದ ಇದೇ ಹೆಂಗಸು ಈಗ ಎರಡು ಕುಕ್ಕೆ ಪಾಲಕ್ ಸೊಪ್ಪನ್ನು ಸೊಂಟಕ್ಕೊಂದು ತಲೆಗೊಂದು ಏರಿಸಿಕೊಂಡು ಅಲ್ಲಿಗೆ ಹೋಗಿ, ಕಟ್ಟೆಯ ಮೇಲೆ ದೊಪ್ಪನೆ ಇಳಿಸಿ, ಹಣೆ ಬಡಿದುಕೊಳ್ಳುತ್ತಾರೆ.

"ಅಯ್ಯೋ, ನನ್ನ ತಲೇಲಿ ಏನಿದೆಯೋ! ಈ ಸಲಾನೂ ಲೆಕ್ಕ ತಪ್ತಲ್ರೀ! ಇಷ್ಟೊಂದು ಸೊಪ್ಪು ನಾನು ನನ್ನ ತಂಗಿ ಇಬ್ಬರೇ ತಿಂದರೆ ಹಸುಗಳಾಗಿಬಿಡ್ತೀವಿ. ಹೆಚ್ಚಾಯ್ತು, ಬನ್ರೀ, ಹಾಳಾಗೋಕೆ ಮುಂಚೆ ತಗೊಂಡು ಪುಣ್ಯ ಕಟ್ಕೊಳ್ಳಿ!"

"ಹೋದ ಸಲ ಬದನೆಕಾಯಿಗೂ ಇದೇ ಹೇಳಿದ್ರಿ," ಎಂದು ಒಬ್ಬಾಕೆ ಬಿಂದಿಗೆ ಬಿಟ್ಟು ಬರುತ್ತಾರೆ. "ಬೀಜ ಹಾಕೋವಾಗ ಕಣ್ಣು ಎಲ್ಲಿಟ್ಟಿದ್ರಿ?" ಎಂದು ಇನ್ನೊಬ್ಬರು ಸೆರಗಿಗೆ ನಾಲ್ಕು ಕಟ್ಟು ಹಾಕಿಕೊಳ್ಳುತ್ತಾರೆ. ಮೂರನೆಯವರು ಕೆಲಸಕ್ಕೆ ಹೊರಡುವ ಅವಸರದಲ್ಲಿ, "ನಿಮಗೆ ಲೆಕ್ಕ ಹೇಳಿಕೊಟ್ಟ ಟೀಚರಮ್ಮನ್ನ ಮೊದಲು ಹಿಡೀಬೇಕು," ಎಂದು ಊಟದ ಡಬ್ಬಿಯ ಚೀಲದಲ್ಲೇ ಎರಡು ಕಟ್ಟು ತುರುಕಿಕೊಳ್ಳುತ್ತಾರೆ. ಕಾಲು ಗಂಟೆಯಲ್ಲಿ ಎರಡೂ ಕುಕ್ಕೆ ಖಾಲಿ. ಬೈಸಿಕೊಂಡವರ ಮುಖದಲ್ಲಿ ಬಹುಮಾನ ಬಂದಷ್ಟು ಬೆಳಕು.

ಆದರೆ ಆ ಬೆಳಕು ಪೂರ್ತಿಯದಲ್ಲ. ವಾಪಸು ಬರುವಾಗ ಅವರು ತೋಟದ ಮೂಲೆಯ ತಿಪ್ಪೆಯ ಹತ್ತಿರ ನಿಂತು, ಅಲ್ಲಿಂದ ಹೊರಡುವ ಕಾಲುದಾರಿಯನ್ನೇ ನೋಡುತ್ತಾರೆ. ತಿಪ್ಪೆಯ ಅಂಚಿನಲ್ಲಿ ಒಂದು ಒಗೆದ ಗೋಣಿತಟ್ಟು, ಅದರ ಮೇಲೆ ಎಳೆಯ ಸೊಪ್ಪಿನ ಒಂದು ಚಿಕ್ಕ ಗುಡ್ಡೆ. ಪಕ್ಕದಲ್ಲಿ ನಿನ್ನೆಯದು, ಬಾಡಿದ್ದು. ಅದರಾಚೆ ಮೊನ್ನೆಯದು, ಕರಗಿ ಕಪ್ಪಾದದ್ದು.

"ಮೂರು ದಿನ ಆಯ್ತು," ಎನ್ನುತ್ತಾರೆ ಮೆಲ್ಲಗೆ. "ಹದಿನೇಳರವರು ಬಂದಿಲ್ಲ."

ಹದಿನೇಳರವರು ಯಾರು, ಅವರು ಬಾರದಿದ್ದರೆ ಇವರಿಗೇನು ಎಂಬುದನ್ನು ಹೇಳುವ ಮುಂಚೆ ಇವರು ಯಾರೆಂದು ಹೇಳಬೇಕು.

ಸಾಲುಮನೆಗಳ ಎದುರಿಗೆ ಒಂದು ಸಿದ್ಧ ಉಡುಪಿನ ಕಾರ್ಖಾನೆ ಇತ್ತು. ಹನ್ನೊಂದು ವರ್ಷದ ಹಿಂದೆ ಮುಚ್ಚಿತು. ಅಲ್ಲಿಯ ಕತ್ತರಿಸುವ ವಿಭಾಗದಲ್ಲಿ ಇವರು ಮೂವತ್ತೊಂದು ವರ್ಷ ಕೆಲಸ ಮಾಡಿದರು. ಮೇಜಿನ ಮೇಲೆ ನಲವತ್ತು ಪದರ ಬಟ್ಟೆ ಹಾಸಿ, ಮೇಲಿನ ಪದರಕ್ಕೆ ಗುರುತು ಹಾಕಿ, ಒಂದೇ ಸಲ ಕತ್ತರಿಸುವ ಕೆಲಸ. ಮೇಲೆ ಒಂದು ತಪ್ಪಾದರೆ ಕೆಳಗೆ ನಲವತ್ತು ತಪ್ಪು. ಇವರ ಮೇಜಿನಿಂದ ಹೋದ ಬಟ್ಟೆಯನ್ನು ಎರಡನೇ ಸಲ ಯಾರೂ ಅಳೆಯುತ್ತಿರಲಿಲ್ಲವಂತೆ. ಆಗ ಇವರ ಹೆಸರು ಟೇಪಕ್ಕ. ಈಗ ಅದೇ ಜನರ ಬಾಯಲ್ಲಿ ಹೆಚ್ಚಕ್ಕ. "ಹೆಚ್ಚಾಯ್ತು, ಬನ್ನಿ" ಎಂದು ದಿನಾ ಕೂಗುವುದಕ್ಕೆ ಬಂದ ಹೆಸರು ಅದು. "ಅವರು ಕೊಡೋದು ಹೆಚ್ಚಾಗಿದ್ದು, ನಾವು ಮಾಡೋದು ಹೆಚ್ಚೋದು, ಬೇರೆ ಇನ್ನೇನು ಹೆಸರಿಡೋದು?" ಎಂದು ಈಳಿಗೆಮಣೆ ಮುಂದೆ ಕುಳಿತ ನೆರೆಮನೆಯಾಕೆ ನನ್ನನ್ನೇ ಕೇಳುತ್ತಾರೆ.

ವಯಸ್ಸು ಅರವತ್ತೊಂದು. ಮದುವೆಯ ಮಾತೆತ್ತಿದರೆ ಹೆಚ್ಚಕ್ಕನ ಉತ್ತರ ಸಿದ್ಧವಾಗಿದೆ. "ಅಳತೆಗೆ ಸರಿಯಾದವರು ಸಿಗಲಿಲ್ಲ. ಸಿಕ್ಕವರನ್ನ ಬಿಚ್ಚಿ ಮತ್ತೆ ಹೊಲಿಯೋಷ್ಟು ತಾಳ್ಮೆ ನಂಗಿರಲಿಲ್ಲ." ಜೊತೆಗಿರುವುದು ತಂಗಿ. ಆಕೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾರೆ. ಇಬ್ಬರಿಗೂ ಸೇರಿ ಒಂದು ಕೋಣೆ, ಒಂದು ಹೊಲಿಗೆ ಮಷಿನ್, ಕಿಟಕಿಯ ಉದ್ದಕ್ಕೂ ಮೊಳೆಗೆ ನೇತುಹಾಕಿದ ಬಟ್ಟೆಯ ಚೀಲಗಳು. ಪ್ರತಿ ಚೀಲದಲ್ಲೂ ಒಂದೊಂದು ಬೀಜ. ಚೀಲದ ಮೇಲೆ ಬೀಜದ ಹೆಸರಿಲ್ಲ. ಬೂದು ಬಟ್ಟೆಯದು ಬದನೆ, ಚೌಕಳಿಯದು ಬೀನ್ಸ್, ನೀಲಿ ಅಂಚಿನದು ಪಾಲಕ್ ಎಂದು ಬೆರಳಲ್ಲೇ ಗೊತ್ತು.

ಕಾರ್ಖಾನೆ ಮುಚ್ಚಿದ ಮೇಲೆ ಎರಡು ವರ್ಷ ಮನೆಯಲ್ಲೇ ಹೊಲಿಗೆ ಮಾಡಿಕೊಂಡಿದ್ದರು. ಮೂವತ್ತೊಂದು ವರ್ಷ ನುಂಗಿದ ನೂಲಿನ ದೂಳು ಎದೆಯಲ್ಲಿ ಕಟ್ಟಿಕೊಂಡಿತ್ತು. ಡಾಕ್ಟರು ಬೆಳಿಗ್ಗೆ ಬಯಲಿನ ಗಾಳಿಯಲ್ಲಿ ಓಡಾಡಿ ಎಂದರು. "ಸುಮ್ನೆ ಓಡಾಡೋದು ಅಂದ್ರೆ ನಂಗೆ ಸೋಮಾರಿಗಳ ಕೆಲಸ ಅನ್ನಿಸ್ತು. ಕೈಯಲ್ಲಿ ಏನಾದ್ರೂ ಇರಬೇಕಲ್ಲ?" ಹೀಗೆ ಅವರ ಕೈಗೆ ಸಿಕ್ಕಿದ್ದು ಸಾಲುಮನೆಗಳ ಹಿಂದಿನ ಬಯಲು. ಹಿಂದೆ ಕಾರ್ಖಾನೆಯವರು ಒಗೆದ ಬಟ್ಟೆ ಒಣಹಾಕುತ್ತಿದ್ದ ಜಾಗ. ಕಬ್ಬಿಣದ ಕಂಬಗಳು, ಕಂಬದಿಂದ ಕಂಬಕ್ಕೆ ತಂತಿಗಳು ಹಾಗೇ ಉಳಿದಿದ್ದವು. ಬೀಗದಕೈ ಇಟ್ಟುಕೊಂಡಿದ್ದ ಕಾವಲುಗಾರ ಅಳೆದೂ ಸುರಿದೂ ಕೊನೆಗೆ, "ಹಾವು ಸೇರ್ಕೊಳ್ಳೋ ಬದಲು ಬದನೆಕಾಯಿ ಸೇರ್ಕೊಳ್ಳಲಿ" ಎಂದು ಗೇಟು ತೆಗೆದುಕೊಟ್ಟ.

ಜನ ತುಳಿದು ತುಳಿದು ನೆಲ ಹೆಂಚಿನಂತಾಗಿತ್ತು. ಮೊದಲ ಮಡಿ ಅಗೆಯಲು ಹದಿನೇಳು ದಿನ ಹಿಡಿಯಿತು. ಅಂಗೈ ಬೊಬ್ಬೆ ಒಡೆದು, ಬಟ್ಟೆ ಸುತ್ತಿಕೊಂಡು ಅಗೆದರು. ಸಾಲುಮನೆಗಳ ಸಿಪ್ಪೆ, ಒಣಗಿದ ಎಲೆ, ತಂಗಿ ಆಸ್ಪತ್ರೆಯ ಅಡುಗೆಮನೆಯಿಂದ ಬಕೆಟ್ಟಿನಲ್ಲಿ ತಂದ ಕಸ ಎಲ್ಲವನ್ನೂ ಕೊಳೆಸಿ ಮಣ್ಣಿಗೆ ಬೆರೆಸಿದರು. ಈಗ ಇಪ್ಪತ್ತೆರಡು ಮಡಿಗಳಿವೆ. ಒಂದೊಂದೂ ಹನ್ನೆರಡು ಅಡಿ ಉದ್ದ, ಮೂರೂವರೆ ಅಡಿ ಅಗಲ. ನೂಲು ಹಿಡಿದು ನೋಡಿದರೂ ಅಂಚು ಸೊಟ್ಟಗಿಲ್ಲ. ತಂತಿಗಳ ಮೇಲೆ ಅಂಗಿಗಳ ಬದಲು ಸೋರೆ, ಸೌತೆ, ಬೀನ್ಸ್ ಬಳ್ಳಿಗಳು ತೂಗುತ್ತಿವೆ. ದಿನಕ್ಕೆ ಅರವತ್ತು ಬಿಂದಿಗೆ ನೀರು, ಸುಗ್ಗಿಯಲ್ಲಿ ದಿನಕ್ಕೆ ಇಪ್ಪತ್ತು ಕಿಲೋ ತರಕಾರಿ. ಅರವತ್ತೆರಡು ಮನೆಗಳ ಪೈಕಿ ನಲವತ್ತು ಮನೆಗಳ ಒಲೆಗೆ ಅದು ಹೋಗುತ್ತದೆ. ಕೂಲಿ ಸಿಕ್ಕ ದಿನ ಎರಡು ಹೊತ್ತು, ಸಿಗದ ದಿನ ಒಂದು ಹೊತ್ತು ಉರಿಯುವ ಒಲೆಗಳವು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇಲ್ಲಿ ಕೈ ಒಬ್ಬರದು, ಬಾಯಿ ನಲವತ್ತು ಮನೆಗಳದು.

ಎಲೆಮರೆಯ ಕಾಯಿಯಂಥವರ ಬಗ್ಗೆ ಪತ್ರಿಕೆಯ ಪುರವಣಿಗೆ ಬರೆಯುತ್ತೇನೆ, ಅದಕ್ಕೇ ಬಂದೆ ಎಂದು ಮೊದಲ ದಿನ ಹೇಳಿದಾಗ ಹೆಚ್ಚಕ್ಕ ನನ್ನನ್ನು ಕನಿಕರದಿಂದ ನೋಡಿದ್ದರು. "ಎಲೆಮರೆ ಕಾಯಿನಾ? ಸೌತೆ ಸಾಲಲ್ಲಿ ಹುಡುಕಿ. ಕೀಳೋಕೆ ಮರೆತ್ರೆ ಅದೇ ಬಲಿತು, ಹಳದಿ ತಿರುಗಿ, ಯಾರಿಗೂ ಬೇಡವಾಗೋದು. ನನ್ನ ಆ ಲೆಕ್ಕಕ್ಕೆ ಸೇರಿಸಬೇಡಿ."

ಹಾಗಾದರೆ ಇಷ್ಟು ಕರಾರುವಾಕ್ಕಾದ ಮನುಷ್ಯರ ಲೆಕ್ಕ ವರ್ಷ ವರ್ಷವೂ ತಪ್ಪುವುದು ಹೇಗೆ? ಮೊದಲ ವರ್ಷ ನಿಜವಾಗಿಯೂ ತಪ್ಪಿತ್ತು. ಆ ತಪ್ಪು ಬಟ್ಟೆ ಕತ್ತರಿಸುವವರು ಮಾತ್ರ ಮಾಡಬಹುದಾದದ್ದು.

ಬಟ್ಟೆ ಕತ್ತರಿಸುವಾಗ ಹೊಲಿಗೆಗೆಂದು ಅಂಚಿನಲ್ಲಿ ಒಂದಿಷ್ಟು ಬಿಡಬೇಕು, ನೀರಿಗೆ ಬಿದ್ದರೆ ಕುಗ್ಗುವುದಕ್ಕೆಂದು ಮತ್ತಿಷ್ಟು ಬಿಡಬೇಕು. ಹೆಚ್ಚಕ್ಕ ಬೀಜಕ್ಕೂ ಅದೇ ಹಿಸಾಬು ಹಾಕಿದರು. ಒಂದು ಮೂಲಂಗಿ ಬೇಕಾದರೆ ಹೊಲಿಗೆಗೊಂದು, ಕುಗ್ಗುವುದಕ್ಕೊಂದು, ಒಟ್ಟು ಮೂರು ಬೀಜ. ಅದೂ ಆರು ಮಡಿಗೂ ಒಂದೇ ದಿನ, ನಲವತ್ತು ಪದರ ಒಂದೇ ಸಲ ಕತ್ತರಿಸಿದ ಹಾಗೆ. ಮೂಲಂಗಿ ಕುಗ್ಗುವ ಜಾತಿಯದಲ್ಲ. ಹಾಕಿದ ಬೀಜವೆಲ್ಲ ಹುಟ್ಟಿತು, ಹುಟ್ಟಿದ್ದೆಲ್ಲ ಒಂದೇ ವಾರದಲ್ಲಿ ಬಲಿಯಿತು.

"ಎಲ್ಲಿ ನೋಡಿದ್ರೂ ಮೂಲಂಗಿ. ಮಂಚದ ಕೆಳಗೆ ಮೂಲಂಗಿ, ಮಷಿನ್ ಮೇಲೆ ಮೂಲಂಗಿ. ನನ್ನ ತಂಗಿ ಮನೆ ಬಿಟ್ಟು ಹೋಗ್ತೀನಿ ಅಂದ್ಲು. ನಲ್ಲಿ ಹತ್ರ ಹೋಗಿ ಕೈಮುಗಿದು ನಿಂತೆ. ಹೆಚ್ಚಾಯ್ತು ಕಣ್ರೀ, ಹಾಳಾಗುತ್ತೆ, ದಯವಿಟ್ಟು ತಗೊಂಡು ನನ್ನ ಕಾಪಾಡಿ ಅಂದೆ."

ಜನ ನಕ್ಕರು, ಬೈದರು, ತೆಗೆದುಕೊಂಡರು. ಹದಿನೈದು ದಿನ ಸಾಲುಮನೆಗಳ ಅಷ್ಟೂ ಅಡುಗೆಮನೆಯಿಂದ ಒಂದೇ ವಾಸನೆ. ಯಾರೂ ತಲೆ ತಗ್ಗಿಸಲಿಲ್ಲ. ಉಪಕಾರ ಮಾಡಿದವರು ಅವರು, ಮಾಡಿಸಿಕೊಂಡವರು ಹೆಚ್ಚಕ್ಕ.

ಮೂಲಂಗಿ ಹಂಚುವಾಗಲೇ ಹೆಚ್ಚಕ್ಕನ ಕಣ್ಣಿಗೆ ಇನ್ನೊಂದು ಬಿತ್ತು. ಕೆಲವು ಮನೆಗಳಲ್ಲಿ ಆ ಮೂಲಂಗಿ ಬಿಟ್ಟರೆ ಆ ದಿನ ಒಲೆಯ ಮೇಲೆ ಬೇರೇನೂ ಇರಲಿಲ್ಲ. ಎರಡನೇ ವರ್ಷ ಅವರು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದರು. ವಾರಕ್ಕೊಂದು ಮಡಿಯಂತೆ ಸರದಿಯಲ್ಲಿ ಬಿತ್ತಿದರು. ಯಾವ ಮನೆಗೆ ನಿಜವಾಗಿ ಬೇಕು ಎಂದು ಪಟ್ಟಿ ಮಾಡಿದರು. ಬಟ್ಟೆಯ ಚೂರುಗಳಿಂದ ಚೀಲ ಹೊಲಿದು, ಮನೆಯ ನಂಬರು ಕಸೂತಿ ಹಾಕಿ, ತರಕಾರಿ ತುಂಬಿ, ಬೆಳಿಗ್ಗೆ ಬಾಗಿಲ ಚಿಲಕಕ್ಕೆ ತೂಗಿಹಾಕಿ ಬಂದರು. ಮಧ್ಯಾಹ್ನದ ಹೊತ್ತಿಗೆ ಏಳು ಚೀಲ ಅವರ ಬಾಗಿಲಿಗೇ ವಾಪಸು ಬಂದಿದ್ದವು. ಹದಿನೇಳನೇ ಮನೆಯ ಚೀಲವನ್ನಂತೂ ಒಗೆದು, ಒಣಗಿಸಿ, ನಾಲ್ಕಾಗಿ ಮಡಚಿ, ಅದರ ಮೇಲೆ ತರಕಾರಿಯನ್ನು ಸಾಲಾಗಿ ಜೋಡಿಸಿಟ್ಟಿದ್ದರು.

"ಬೈದು ಬಿಸಾಕಿದ್ರೆ ತಡ್ಕೋತಿದ್ದೆ. ಅಷ್ಟು ಚೆನ್ನಾಗಿ ಮಡಚಿಟ್ಟಿದ್ದು ನೋಡಿ ನಂಗೆ ಅಳು ಬಂತು," ಎನ್ನುತ್ತಾರೆ ಹೆಚ್ಚಕ್ಕ. "ಅವರ ಬಡತನಕ್ಕೆ ನಾನು ನಂಬರು ಹಾಕಿ ಬಾಗಿಲಿಗೆ ತೂಗಿಹಾಕಿದ್ದೆ. ಬುದ್ಧಿ ಇರೋರು ಮಾಡೋ ಕೆಲಸಾನಾ ಅದು?" ನೀಲಿ ಅಂಚಿನ ಆ ಚೀಲ ಇವತ್ತಿಗೂ ಅವರ ಕಿಟಕಿಯಲ್ಲಿದೆ. ಪಾಲಕ್ ಬೀಜ ಇರುವುದು ಅದರಲ್ಲೇ.

ಮೂರನೇ ವರ್ಷದಿಂದ ಶುರುವಾಯಿತು ಈ ಲೆಕ್ಕ ತಪ್ಪುವ ಪದ್ಧತಿ. ನಲವತ್ತು ಮನೆಗೆ ಎಷ್ಟು ಬೇಕು, ಯಾವ ವಾರ ಬೇಕು ಎಂದು ಪೂರ್ತಿ ಲೆಕ್ಕ ಹಾಕಿ, ಅಳೆದು, ಅಷ್ಟನ್ನೇ ಬಿತ್ತಿ, ಬೆಳೆ ಬಂದಾಗ ನಲ್ಲಿಯ ಹತ್ತಿರ ಹೋಗಿ ತಲೆ ಚಚ್ಚಿಕೊಳ್ಳುವುದು. ಕುಂಬಳದ ವರ್ಷ "ಎರಡೇ ಬೀಜ ಹಾಕಿದೆ, ಹನ್ನೊಂದು ಬಳ್ಳಿ ಬಂತು" ಎಂದರು. ಟೊಮೆಟೊ ವರ್ಷ "ಸಸಿ ಕೊಟ್ಟವನು ಮೋಸ ಮಾಡಿದ, ಜಾಸ್ತಿ ಕೊಟ್ಟುಬಿಟ್ಟ" ಎಂದು ಮೊರೆಯಿಟ್ಟರು. ಜಾಸ್ತಿ ಕೊಟ್ಟು ಮೋಸ ಮಾಡುವ ವ್ಯಾಪಾರಿ ಯಾವ ಲೋಕದಲ್ಲಿದ್ದಾನೆ ಎಂದು ಯಾರೂ ಕೇಳಲಿಲ್ಲ.

"ಅಕ್ಕನಿಗೆ ಸುಳ್ಳು ಹೇಳೋಕೆ ಬರಲ್ಲ," ಎನ್ನುತ್ತಾರೆ ತಂಗಿ, ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಾ. "ಹೇಳಿದ್ರೆ ಕಿವಿ ಕೆಂಪಾಗುತ್ತೆ. ಅದಕ್ಕೇ ಗಿಡಗಳ ಕೈಲಿ ಹೇಳಿಸ್ತಾಳೆ."

ಏಳು ಚೀಲಗಳಲ್ಲಿ ಆರರ ಮುನಿಸು ಮೂರನೇ ವರ್ಷವೇ ಇಳಿಯಿತು. ಹದಿನೇಳರ ಬಾಗಿಲು ಮಾತ್ರ ತೆರೆಯಲಿಲ್ಲ. ಅಲ್ಲಿರುವವರು ಕಾರ್ಖಾನೆಯ ಬಾಯ್ಲರ್ ಮೇಸ್ತ್ರಿ, ಎಪ್ಪತ್ತರ ಹಿರಿಯ, ಮತ್ತು ಅವರ ಹೆಂಡತಿ. ಕೈ ಚಾಚಿದ ಮನೆ ನಮ್ಮದಲ್ಲ ಎಂಬುದು ಮೇಸ್ತ್ರಿಯ ಮಾತು, ಅದು ಕಡ್ಡಿ ಮುರಿದ ಹಾಗೆ. ಹೆಂಡತಿಗೆ ರಕ್ತ ಕಡಿಮೆ. ನಲ್ಲಿಯಿಂದ ಒಂದು ಬಿಂದಿಗೆ ಒಯ್ಯುವುದರಲ್ಲಿ ಎರಡು ಕಡೆ ಕೂರುತ್ತಿದ್ದರು. ದಿನಾ ಸೊಪ್ಪು ತಿನ್ನಬೇಕು ಎಂದು ಡಾಕ್ಟರು ಹೇಳಿದ್ದು ಸಾಲುಮನೆಗೆಲ್ಲ ಗೊತ್ತಿತ್ತು. ಹೆಚ್ಚಕ್ಕ ನಲ್ಲಿಯ ಹತ್ತಿರ ಎಷ್ಟೇ ಗೋಳಾಡಿದರೂ ಆಕೆ ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದರು. ಚೀಲದ ದಿನದಿಂದ ಮಾತೇ ಇರಲಿಲ್ಲ. ಮೂರು ವರ್ಷ ಹೀಗೆ ಕಳೆಯಿತು. ನಲವತ್ತು ಮನೆಗೆ ಸೊಪ್ಪು ಹೋಗುತ್ತದೆ, ಸೊಪ್ಪೇ ಔಷಧಿಯಾದ ಮನೆಗೆ ಹೋಗುವುದಿಲ್ಲ. "ಅನ್ನ ಇಳೀತಿರಲಿಲ್ಲ ನಂಗೆ," ಎನ್ನುತ್ತಾರೆ.

ಮೇಸ್ತ್ರಿ ಚಾಪೆ ಕೆಳಗೆ ನುಸುಳಿದರೆ ಹೆಚ್ಚಕ್ಕ ರಂಗೋಲಿ ಕೆಳಗೆ ನುಸುಳುವವರು. ಕತ್ತರಿಸುವ ಮೇಜಿನಿಂದ ಅವರು ಎಷ್ಟೋ ಸಲ ನೋಡಿದ್ದರು: ಮೇಸ್ತ್ರಿ ಬೂದಿಯ ಗುಂಡಿಯಿಂದ ಅರೆಬೆಂದ ಕಲ್ಲಿದ್ದಲ ಚೂರುಗಳನ್ನು ಕೈಯಾರೆ ಆರಿಸಿ ಮತ್ತೆ ಒಲೆಗೆ ಹಾಕಿಸುತ್ತಿದ್ದರು. ಹಾಳಾಗುವುದನ್ನು ಆ ಮನುಷ್ಯ ಕಣ್ಣಿಂದ ನೋಡಲಾರ. ಆರನೇ ವರ್ಷ ಪಾಲಕ್ ಒತ್ತಾಗಿ ಹುಟ್ಟುವಂತೆ ಬೇಕೆಂದೇ ಬಿತ್ತಿ, ಕಿತ್ತ ಎಳೆ ಸಸಿಗಳನ್ನು ಮೇಸ್ತ್ರಿ ಬೆಳಗಿನ ನಡಿಗೆಗೆ ಹೋಗುವ ದಾರಿಯ ಪಕ್ಕದ ತಿಪ್ಪೆಯ ಮೇಲೆ ಗುಡ್ಡೆ ಹಾಕಿದರು. ಮೊದಲ ದಿನ ಮೇಸ್ತ್ರಿ ನಿಂತು ನೋಡಿ ಹೋದರು. ಎರಡನೇ ದಿನ ಕೋಲಿನಿಂದ ಕೆದಕಿ ನೋಡಿ ಹೋದರು. ನಾಲ್ಕನೇ ದಿನ ತಡೆದುಕೊಳ್ಳಲಾಗಲಿಲ್ಲ.

"ಯಾರ್ರೀ ಇದನ್ನ ತಿಪ್ಪೆಗೆ ಹಾಕಿದ್ದು? ಕಣ್ಣಿಲ್ವಾ? ಎಳೇ ಸೊಪ್ಪು, ಚಿನ್ನದಂಥ ಸೊಪ್ಪು!"

"ಏನ್ಮಾಡ್ಲಿ ಮೇಸ್ತ್ರೀ, ಲೆಕ್ಕ ತಪ್ತು, ಹೆಚ್ಚಾಯ್ತು," ಎಂದು ಹೆಚ್ಚಕ್ಕ ಅಪರಾಧಿಯ ಹಾಗೆ ನಿಂತರು. ಮೇಸ್ತ್ರಿ ಅರ್ಧ ಗಂಟೆ ಬೈದರು. ಬೀಜದ ಅಂತರದ ಬಗ್ಗೆ, ನೀರಿನ ಬಗ್ಗೆ, ಈಗಿನವರ ದುಂದಿನ ಬಗ್ಗೆ. ಬೈದು ಮುಗಿಸಿ, ಹೊದ್ದಿದ್ದ ಟವೆಲಿನಲ್ಲಿ ಅಷ್ಟೂ ಸೊಪ್ಪನ್ನು ಕಟ್ಟಿಕೊಂಡು ಹೋದರು. ಮರುದಿನ ಬೈಯಲು ಬರುವಾಗ ಚೀಲ ತಂದಿದ್ದರು.

ಅಲ್ಲಿಂದ ಮೂರು ವರ್ಷ ಮೀರಿತು. ಮಳೆ ಇರಲಿ ಚಳಿ ಇರಲಿ, ಮೇಸ್ತ್ರಿ ದಿನಾ ಬೆಳಿಗ್ಗೆ ಬಂದು ಬೈಯುತ್ತಾರೆ, ಹೆಚ್ಚಕ್ಕ ಬೈಸಿಕೊಳ್ಳುತ್ತಾರೆ, ಸೊಪ್ಪು ಹದಿನೇಳಕ್ಕೆ ಹೋಗುತ್ತದೆ. ತಿಪ್ಪೆಗೆ ಹಾಕುವ ಸೊಪ್ಪಿನ ಕೆಳಗೆ ಒಗೆದ ಗೋಣಿತಟ್ಟು ಯಾಕೆ ಬಂತು ಎಂದು ಮೇಸ್ತ್ರಿ ಕೇಳಿಲ್ಲ. ಹೋದ ಸಲದ ಪರೀಕ್ಷೆಯಲ್ಲಿ ಹೆಂಡತಿಯ ರಕ್ತ ಎಂಟರಿಂದ ಹನ್ನೊಂದಕ್ಕೆ ಏರಿದೆ ಎಂದು ತಂಗಿ ಆಸ್ಪತ್ರೆಯಿಂದ ಸುದ್ದಿ ತಂದಾಗ ಹೆಚ್ಚಕ್ಕ ಆ ದಿನವೆಲ್ಲ ಹಾಡು ಗುನುಗಿದರಂತೆ. "ರಾಗ ಇಲ್ಲ, ತಾಳ ಇಲ್ಲ. ಆದ್ರೂ ಕೇಳಿದೆ," ಎನ್ನುತ್ತಾರೆ ತಂಗಿ.

ಈಗ ಮೂರು ದಿನದಿಂದ ಮೇಸ್ತ್ರಿ ಬಂದಿಲ್ಲ.

"ಯಾರ ಕೈಲಾದ್ರೂ ಕೊಟ್ಟು ಕಳಿಸಿ," ಎನ್ನುತ್ತೇನೆ. ಹೆಚ್ಚಕ್ಕ ನನ್ನನ್ನು ಮೂರೂಕಾಲರ ಬೀಜವನ್ನು ನೋಡಿದ ಹಾಗೆ ನೋಡುತ್ತಾರೆ. "ಮತ್ತೆ ಚೀಲ ಕಳಿಸೋದಾ? ಒಂದು ಸಲ ಆ ಬಾಗಿಲು ಹಾಕಿಸಿದೀನಿ, ಸಾಕು." ಹಾಗಾದರೆ ಆ ಸೊಪ್ಪನ್ನು ಬೇರೆ ಯಾರಿಗಾದರೂ ಕೊಡಬಹುದಲ್ಲ? "ಅದು ಅವರ ಪಾಲು. ಬೇರೆಯವರು ತಗೊಂಡ ಮೇಲೆ ಅವರು ಬಂದ್ರೆ ಬೈಯೋಕೆ ಏನಿರುತ್ತೆ?" ಕರಗಿದ ಸೊಪ್ಪನ್ನು ಅವರು ಕೋಲಿನಿಂದ ತಿಪ್ಪೆಯ ಒಳಕ್ಕೆ ನೂಕುತ್ತಾರೆ. ಒಂದಂಗುಲ ಬಟ್ಟೆ ಹಾಳು ಮಾಡದವರ ಕಣ್ಣೆದುರು ಎರಡು ದಿನದ ಸೊಪ್ಪು ನಿಜವಾಗಿಯೂ ಹಾಳಾಗಿದೆ. ಅದಕ್ಕಿಂತ ಹೆಚ್ಚಿನ ಚಿಂತೆ ಆ ಹನ್ನೊಂದು ಮತ್ತೆ ಎಂಟಾದರೆ ಎಂಬುದು.

ನಾನು ಹದಿನೇಳಕ್ಕೆ ಹೋಗಿಬರುತ್ತೇನೆ ಎಂದೆ. ಕಾರ್ಖಾನೆಯ ಹಳೆಯ ದಿನಗಳ ಬಗ್ಗೆ ಕೇಳುವ ನೆಪ. ಹೆಚ್ಚಕ್ಕ ತೋಟದ ಗೇಟಿನವರೆಗೂ ಬಂದು ಎಚ್ಚರಿಸಿದರು. "ಸೊಪ್ಪು ಗಿಪ್ಪು ಅಂತ ಬಾಯಿ ಬಿಟ್ಟೀರಿ, ಜೋಕೆ."

ಮೇಸ್ತ್ರಿ ಕಬ್ಬಿಣದ ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದ್ದಾರೆ. ಜ್ವರ ಇಳಿಯುತ್ತಿದೆ, ಕಾಲಲ್ಲಿ ಬಲವಿಲ್ಲ. ತಲೆದೆಸೆಯ ಗೋಡೆಯಲ್ಲಿ ಗಡಿಯಾರದ ಜಾಗದಲ್ಲಿ ಬಾಯ್ಲರಿನ ಹಳೆಯ ಹಿತ್ತಾಳೆ ಮಾಪಕ ತೂಗುತ್ತಿದೆ, ಮುಳ್ಳು ಸೊನ್ನೆಯ ಮೇಲೆ ನಿಂತಿದೆ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಾರೆ. ನಾನು ಕಾರ್ಖಾನೆಯ ಬಗ್ಗೆ ಎರಡು ಪ್ರಶ್ನೆ ಕೇಳುತ್ತೇನೆ. ಮೇಸ್ತ್ರಿ ಎರಡಕ್ಕೂ ಉತ್ತರ ಕೊಟ್ಟು, ನೇರವಾಗಿ ಕೇಳುತ್ತಾರೆ.

"ಈ ಮೂರು ದಿನ ಅವರನ್ನ ಯಾರಾದ್ರೂ ಬೈದ್ರಾ?"

"ನಲ್ಲಿ ಹತ್ತಿರ ಎಲ್ಲರೂ ಬೈತಾರಲ್ಲ."

"ಅದು ಬೈಗುಳಾನಾ? ತಮಾಷೆ. ತಿಪ್ಪೆ ಹತ್ತಿರ?"

ಇಲ್ಲ ಎನ್ನುತ್ತೇನೆ. ಅವರು ಮಾಪಕದ ಕಡೆಗೆ ಬೆರಳು ತೋರಿಸುತ್ತಾರೆ. "ಆ ಮುಳ್ಳು ಒಂದು ಸಲ ತಪ್ಪು ತೋರಿಸಿದ್ರೆ ಮುಳ್ಳು ಕೆಟ್ಟಿದೆ ಅನ್ನಬಹುದು. ಏಳು ವರ್ಷ ಒಂದೇ ತಪ್ಪು ತೋರಿಸಿದ್ರೆ ಅದು ತಪ್ಪಲ್ಲ, ಅದೇ ಲೆಕ್ಕ. ಟೇಪಕ್ಕ ಕತ್ತರಿಸಿದ ಬಟ್ಟೇನ ಎರಡನೇ ಸಲ ಅಳೆದವರಿಲ್ಲ ಸ್ವಾಮಿ. ನಂಗೆ ಗೊತ್ತಿಲ್ವಾ?"

"ಗೊತ್ತಿದ್ದೂ ತಗೋತೀರಲ್ಲ?"

"ನಾನೆಲ್ಲಿ ತಗೋತೀನಿ? ಹಾಳಾಗೋದನ್ನ ತಪ್ಪಿಸ್ತೀನಿ," ಎಂದು ಮೇಸ್ತ್ರಿ ನಗುತ್ತಾರೆ, ನಗು ಕೆಮ್ಮಾಗುತ್ತದೆ. ಹೆಂಡತಿ ಬಿಸಿನೀರು ತಂದುಕೊಡುತ್ತಾರೆ. ಲೋಟ ಕೊಡುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡದ್ದು ನನಗೆ ಕಾಣಿಸಿತು. ಏನೆಂದು ಆಗ ತಿಳಿಯಲಿಲ್ಲ.

ಸಂಜೆ ಹೆಚ್ಚಕ್ಕನ ಕೋಣೆಯಲ್ಲಿ ಕುಳಿತು, ಜ್ವರವಂತೆ, ಇಳಿಯುತ್ತಿದೆಯಂತೆ ಎಂದಷ್ಟೇ ಹೇಳಿದೆ. ಆಮೇಲೆ ನನ್ನ ಸಂಕಟವನ್ನೂ ಹೇಳಿಕೊಂಡೆ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ಗುಟ್ಟು ರಟ್ಟಾಗುವುದಿಲ್ಲವೆ? ಹೆಚ್ಚಕ್ಕ ಬೀನ್ಸ್ ನಾರು ತೆಗೆಯುತ್ತಲೇ ನಕ್ಕರು.

"ಯಾವ ಗುಟ್ಟು? ಅವರಿಗೆಲ್ಲ ಗೊತ್ತು. ಅವರಿಗೆ ಗೊತ್ತು ಅನ್ನೋದು ನಂಗೂ ಗೊತ್ತು. ಬಾಯಲ್ಲಿ ಆಡಬಾರದು, ಅಷ್ಟೇ. ಬರೆಯೋಕೇನಂತೆ, ಬರೀರಿ. ಓದಿ, ನಕ್ಕು, ಮಡಚಿಡ್ತಾರೆ. ನಾನು ಅದ್ರಲ್ಲೇ ಸೊಪ್ಪು ಸುತ್ತಿ ಕೊಡ್ತೀನಿ. ನಿಮ್ಮ ಪುರವಣಿ ಕಾಗದ ಗಟ್ಟಿ, ನೆಂದರೂ ಹರಿಯಲ್ಲ."

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುವುದು ನನ್ನಂಥವರ ಕೊನೆಯ ಪ್ರಶ್ನೆ. ಕೇಳಿದೆ. ಅವರು ಬೆರಳಲ್ಲಿ ಏನೋ ಎಣಿಸಿದರು. "ಹಿಂದಿನ ಸಾಲಿಗೆ ಹೊಸದಾಗಿ ಐದು ಸಂಸಾರ ಬಂದಿವೆ, ಚಿಕ್ಕ ಮಕ್ಕಳಿದಾವೆ. ಮುಂದಿನ ವರ್ಷ ಇನ್ನೂ ಎರಡು ಮಡಿ ಲೆಕ್ಕ ತಪ್ಪಬೇಕು ಅಂತಿದೆ. ಮಂಡಿ ಒಪ್ಪಿದ್ರೆ."

ಮರುದಿನ ಬೆಳಿಗ್ಗೆ ಐದೂವರೆಗೆ ಮತ್ತೆ ತೋಟಕ್ಕೆ ಬರುತ್ತೇನೆ. ಗೋಣಿತಟ್ಟಿನ ಮೇಲೆ ಇವತ್ತಿನ ಗುಡ್ಡೆ ಆಗಲೇ ಸಿದ್ಧವಾಗಿದೆ. ಕ್ಯಾರೆಟ್ ಮಡಿಯಲ್ಲಿ ಕಳೆ ಕೀಳುತ್ತಿದ್ದಾರೆ ಹೆಚ್ಚಕ್ಕ. ಕೀಳುವ ಕೈ ಮಣ್ಣಿನಲ್ಲಿ, ಕಣ್ಣು ಕಾಲುದಾರಿಯಲ್ಲಿ. ಮಂಜು ಕರಗುತ್ತಾ ಬಂದಂತೆ ಆ ದಾರಿಯಲ್ಲಿ ಯಾರೋ ಮೆಲ್ಲಗೆ ನಡೆದು ಬರುವುದು ಕಾಣುತ್ತದೆ. ಮೇಸ್ತ್ರಿಯಲ್ಲ. ಅವರ ಹೆಂಡತಿ. ಎಲ್ಲೂ ಕೂರದೆ ನಡೆದು ಬಂದು, ತಿಪ್ಪೆಯ ಹತ್ತಿರ ನಿಲ್ಲುತ್ತಾರೆ. ಕೈಯಲ್ಲಿ ಮೇಸ್ತ್ರಿಯ ಚೀಲ.

ಹೆಚ್ಚಕ್ಕ ಎದ್ದು ನಿಲ್ಲುತ್ತಾರೆ. ಏಳು ವರ್ಷಕ್ಕೂ ಮೇಲಾಯಿತು ಇವರಿಬ್ಬರು ಮಾತಾಡಿ. ಇಬ್ಬರ ನಡುವೆ ನಾಲ್ಕು ಹೆಜ್ಜೆ ಜಾಗ.

"ಅವರಿಗೆ ಕಾಲಲ್ಲಿ ಶಕ್ತಿ ಇಲ್ಲ," ಎನ್ನುತ್ತಾರೆ ಆಕೆ. ದನಿ ಎಷ್ಟು ಸಣ್ಣದೆಂದರೆ ನಾನು ಎರಡು ಹೆಜ್ಜೆ ಮುಂದೆ ಬರಬೇಕಾಗುತ್ತದೆ. "ಬೈಯೋಕೆ ನನ್ನ ಕಳಿಸಿದಾರೆ."

ಹೆಚ್ಚಕ್ಕ ಮಣ್ಣಿನ ಕೈಗಳನ್ನು ಸೀರೆಗೆ ಒರೆಸಿಕೊಂಡು, ಎರಡೂ ಕೈ ಕಟ್ಟಿ, ತಲೆ ತಗ್ಗಿಸಿ ನಿಲ್ಲುತ್ತಾರೆ. "ಬೈರಿ."

ಆಕೆಗೆ ಅಭ್ಯಾಸವಿಲ್ಲ. ಸೊಪ್ಪು ನೋಡುತ್ತಾರೆ, ಗೋಣಿತಟ್ಟು ನೋಡುತ್ತಾರೆ. "ಇಷ್ಟೊಂದು ಸೊಪ್ಪು... ಹೀಗಾ ಹಾಕೋದು?"

"ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ?" ದನಿ ಒಂದು ಮೆಟ್ಟಿಲು ಏರುತ್ತದೆ. "ಪ್ರತಿ ಸಲಾನೂ ತಪ್ಪಾಯ್ತು, ತಪ್ಪಾಯ್ತು. ಕಣ್ಣಿಲ್ವಾ ನಿಮಗೆ? ಲೆಕ್ಕ ಬರಲ್ವಾ? ಇಷ್ಟು ವಯಸ್ಸಾಗಿದೆ, ಒಂದು ಹಿಡಿ ಬೀಜ ಹಾಕೋಕೆ..." ಆಕೆಯ ತುಟಿ ನಡುಗುತ್ತದೆ, ಅದು ಅಳುವೋ ನಗುವೋ ಆಕೆಗೇ ತಿಳಿದಂತಿಲ್ಲ. ಹೆಚ್ಚಕ್ಕನ ಕಿವಿ ಎರಡೂ ಕೆಂಪಾಗಿವೆ.

ಆಕೆ ಬಗ್ಗಿ ಸೊಪ್ಪನ್ನು ಹಿಡಿ ಹಿಡಿಯಾಗಿ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಒಂದು ಎಲೆಯನ್ನೂ ಬಿಡುವುದಿಲ್ಲ. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಲ್ಲುತ್ತಾರೆ.

"ನಾಳೆನೂ ಲೆಕ್ಕ ತಪ್ಪುತ್ತಾ?"

ಹೆಚ್ಚಕ್ಕ ಕೊರಳ ಟೇಪನ್ನು ಸರಿಮಾಡಿಕೊಳ್ಳುತ್ತಾರೆ.

"ತಪ್ಪದೆ ತಪ್ಪುತ್ತೆ."